ನೀರು ಬಿಟ್ಟವನ ಕೇಸು

ಹೋದ ವಾರ ಚನ್ನರಾಯಪಟ್ಟಣದಲ್ಲಿ ನನ್ನ ಆಫೀಸಿನ ಮುಂದೆ ಚರಂಡಿಗೆ ಕಾಂಕ್ರೀಟ್ ಹಾಕುತ್ತಿದ್ದರು. ಬೆಳಗಿನಿಂದ ಜಡಿಮಳೆ. ಮಳೆಯಲ್ಲೇ ಮಿಕ್ಸರ್ ತಿರುಗುತ್ತಿತ್ತು, ಮಳೆಯಲ್ಲೇ ಸುರಿಯುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಬಾಗಿಲು ದಾಟಿ ಒಳಗೆ ಬಂತು. ಎದುರಿಗೆ ಕೂತಿದ್ದ ಕಕ್ಷಿದಾರರು ತಮ್ಮ ತೆಂಗಿನ ತೋಟದ ಪಾಲಿನ ತಕರಾರು ಹೇಳುತ್ತಿದ್ದರು. ಅರ್ಧದಿಂದಾಚೆ ನನಗೆ ಒಂದೂ ಕೇಳಿಸಲಿಲ್ಲ. ಎದ್ದು ಬಾಗಿಲು ಹಾಕಿ ಬಂದೆ. "ಯಾಕ್ ಮೇಡಂ, ಹುಷಾರಿಲ್ವಾ?" ಎಂದರು ಅವರು. ಏನಿಲ್ಲ ಎಂದೆ.

ಆ ವಾಸನೆಯ ಜೊತೆಗೆ ನನಗೆ ಒಂದು ಮಳೆಗಾಲ ಬರುತ್ತದೆ. ಹಾಸನದಲ್ಲಿ ನಾನು ಶಿವನಂಜಪ್ಪನವರ ಕೈಕೆಳಗೆ ಜೂನಿಯರ್ ಆಗಿದ್ದ ಒಂದೇ ಒಂದು ಮಳೆಗಾಲ.

ಶಿವನಂಜಪ್ಪನವರೆಂದರೆ ನಮ್ಮ ಜಿಲ್ಲೆಯಲ್ಲಿ ಕ್ರಿಮಿನಲ್ ಕೇಸಿನ ಕೊನೆಯ ಮಾತು. ಹೊಳೆನರಸೀಪುರದ ಕೋರ್ಟಿನಲ್ಲಿ ಸಣ್ಣಪುಟ್ಟ ಹೊಡೆದಾಟ, ಪಂಪ್‌ಸೆಟ್ ಕಳವಿನ ಕೇಸುಗಳಿಂದ ಶುರು ಮಾಡಿದವರು. ಆಮೇಲೆ ಸರ್ಕಾರಿ ವಕೀಲರಾದರು. ನಾನು ಕಾನೂನು ಓದುತ್ತಿದ್ದಾಗ ಪಡಿತರ ಅಕ್ಕಿಯನ್ನು ಲಾರಿಗಟ್ಟಲೆ ಕದ್ದು ಮಾರಿದವರ ಮೇಲೆ ಒಂದು ದೊಡ್ಡ ಕೇಸು ನಡೆಯಿತು. ಅದಕ್ಕೆ ಸರ್ಕಾರ ಇವರನ್ನೇ ವಿಶೇಷವಾಗಿ ನೇಮಿಸಿತ್ತು. ನಾವು ಹುಡುಗಿಯರು ಕ್ಲಾಸು ಬಿಟ್ಟು ಹೋಗಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಅವರ ವಾದ ಕೇಳುತ್ತಿದ್ದೆವು. ದನಿ ಎತ್ತುತ್ತಿರಲಿಲ್ಲ. ಕೈ ಬೀಸುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವ ಹಾಗೆ ಒಂದೊಂದೇ ಪ್ರಶ್ನೆ. ಆ ಅಕ್ಕಿ ಕಳ್ಳರಿಗೆ ಜೈಲಾದ ದಿನ ನಾನು ಮನೆಗೆ ಫೋನ್ ಮಾಡಿ, "ಅಪ್ಪಾ, ಲಾಯರ್ ಅಂದ್ರೆ ಹೀಗಿರಬೇಕು" ಎಂದಿದ್ದೆ.

ನಮ್ಮೂರು ಜಿನನಾಥಪುರ. ಅಪ್ಪನಿಗೆ ಪಕ್ಕದ ಬೆಳಗೊಳದಲ್ಲಿ ಪಾತ್ರೆ ಅಂಗಡಿ. ಮನೆಯಲ್ಲಿ ನಾನೇ ಮೊದಲ ವಕೀಲೆ. ಶಿವನಂಜಪ್ಪನವರ ಆಫೀಸಿಗೆ ಸೇರಿಸಿಕೊಂಡರು ಅಂದಾಗ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದರು, ಹಾಲಿನವನಿಗೂ ಹೇಳಿದರು.

ನಾನು ಸೇರುವ ಹೊತ್ತಿಗೆ ಅವರು ಸರ್ಕಾರದ ಕಡೆ ಬಿಟ್ಟು ಆರೋಪಿಗಳ ಕಡೆ ಬಂದು ಒಂದೆರಡು ವರ್ಷವಾಗಿತ್ತು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ಯಾರ ಮೇಲೆ ಆರೋಪ ಬಂದರೂ ಅವರ ಪಕ್ಕ ಒಬ್ಬ ವಕೀಲ ನಿಲ್ಲಬೇಕು. ನಾನೂ ಅದೇ ಕೆಲಸ ಮಾಡಿ ಊಟ ಮಾಡುತ್ತಿದ್ದೇನೆ. ಅವರೇ ಒಮ್ಮೆ ನಗುತ್ತಾ ಹೇಳಿದ್ದರು, "ಸರ್ಕಾರದ ಕಡೆ ಇದ್ದಾಗ ಬಾಗಿಲುಗಳು ಎಲ್ಲೆಲ್ಲಿವೆ ಅಂತ ನೋಡ್ಕೊಂಡೆ ಕಣಮ್ಮ. ಈಗ ಅದೇ ಬಾಗಿಲಿಂದ ಜನರನ್ನ ಹೊರಗೆ ಕಳಿಸ್ತಿದೀನಿ." ನಾನೂ ನಕ್ಕಿದ್ದೆ.

ಅವರ ಒಳ್ಳೆಯತನವನ್ನೂ ಹೇಳಬೇಕು. ಹೇಳದಿದ್ದರೆ ಆಮೇಲಿನ ಹೇಸಿಗೆ ಯಾರಿಗೂ ಅರ್ಥವಾಗುವುದಿಲ್ಲ. ನಾವು ಜೈನರು, ಅದರಲ್ಲೂ ಮಳೆಗಾಲದ ವ್ರತದ ತಿಂಗಳುಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕ್ರಿಮಿನಲ್ ವಕೀಲರ ಆಫೀಸು ಜೀವ ಪಡೆಯುವುದೇ ಸಂಜೆ. ಮೊದಲ ವಾರ ನಾನು ಬಾಯಿ ಬಿಡದೆ ಉಪವಾಸ ಇದ್ದೆ. ಅದು ಹೇಗೋ ಅವರಿಗೆ ತಿಳಿಯಿತು. ಮರುದಿನದಿಂದ ಎಂಥ ದೊಡ್ಡ ಕಕ್ಷಿದಾರ ಕೂತಿದ್ದರೂ ಸಂಜೆ ಬೆಳಕು ಇಳಿಯುವ ಮುಂಚೆ ಮಾತು ನಿಲ್ಲಿಸುತ್ತಿದ್ದರು. "ಸುಪ್ರಭಾ, ಹೋಗಿ ಡಬ್ಬಿ ಬಿಚ್ಚಮ್ಮ. ಇವರೆಲ್ಲ ಕಾಯ್ತಾರೆ" ಎನ್ನುತ್ತಿದ್ದರು. ಶಾಸಕರ ಕಡೆಯವರು, ಅಧಿಕಾರಿಗಳು, ರೈಸ್‌ಮಿಲ್ ಮಾಲೀಕರು ಎಲ್ಲರೂ ನಾನು ಚಪಾತಿ ತಿಂದು ಮುಗಿಸುವವರೆಗೆ ಕಾದಿದ್ದಾರೆ. ನನ್ನ ಜೊತೆಗಿದ್ದ ಇನ್ನೊಬ್ಬ ಜೂನಿಯರ್ ಮಧುಸೂದನ, "ನಿನಗೆ ಮಾತ್ರ ಈ ಮರ್ಯಾದೆ ಕಣೇ" ಎಂದು ರೇಗಿಸುತ್ತಿದ್ದ.

ಆ ವರ್ಷ ಮುಂಗಾರು ಹಿಡಿದು ಸ್ವಲ್ಪ ದಿನಕ್ಕೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಕಟ್ಟಿದ ನೀರಿನ ಟ್ಯಾಂಕು ಕುಸಿದು ಬಿತ್ತು. ಉದ್ಘಾಟನೆ ಕೂಡ ಆಗಿರಲಿಲ್ಲ. ಅದರ ಕೆಳಗಿದ್ದ ಹಳೆಯ ನಲ್ಲಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ, ಹೊಲಕ್ಕೆ ಹೋಗುವಾಗ ಕ್ಯಾನಿಗೆ ನೀರು ಹಿಡಿಯಲು ನಿಂತಿದ್ದ ಒಬ್ಬ ಗಂಡಸು ಸತ್ತರು. ಟಿವಿಯಲ್ಲಿ ಬಂತು. ಜನ ರಸ್ತೆಗೆ ಕೂತರು. ಸ್ಥಳೀಯ ಪೊಲೀಸರ ಮೇಲೆ ನಂಬಿಕೆ ಇಲ್ಲ ಎಂದು ಗಲಾಟೆಯಾದಾಗ ಸರ್ಕಾರ ಬೆಂಗಳೂರಿನಿಂದ ಒಂದು ತನಿಖಾ ತಂಡ ಕಳಿಸಿತು.

ಟ್ಯಾಂಕು ಕಟ್ಟಿದ ಗುತ್ತಿಗೆದಾರ ಉಮೇಶ ನಮ್ಮ ಆಫೀಸಿಗೆ ಬಂದ. ನೀಟಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಆದರೆ ಮುಖ ಸುಣ್ಣ. ಕುರ್ಚಿಯ ತುದಿಯಲ್ಲಿ ಕೂತು, "ಸರ್, ನಿಜ ಹೇಳ್ಬಿಡ್ತೀನಿ" ಎಂದು ಬಾಯಿ ತೆರೆದ.

ಶಿವನಂಜಪ್ಪನವರು ಕೈ ಅಡ್ಡ ಹಿಡಿದರು. "ನಿಜ ನನಗೆ ಬೇಡ ಉಮೇಶ್. ಕಾಗದದಲ್ಲಿ ಏನಿದೆ ಅಷ್ಟು ಹೇಳಿ. ನಿಜ ನಿಮ್ಮ ಹತ್ರಾನೇ ಭದ್ರವಾಗಿರಲಿ."

ಉಮೇಶನ ಮುಖಕ್ಕೆ ರಕ್ತ ವಾಪಸು ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಇದು ಅನುಭವಿ ವಕೀಲರ ಜಾಣ್ಮೆ ಎಂದುಕೊಂಡು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಅವನಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ಅರ್ಜಿ ಬರೆದವಳು ನಾನೇ. ಅದು ವಕೀಲರ ಕೆಲಸ, ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ ಅವರು, "ಬನ್ನಿ, ಜಾಗ ನೋಡ್ಕೊಂಡು ಬರೋಣ" ಎಂದು ನನ್ನನ್ನೂ ಮಧುಸೂದನನನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಮಳೆ. ಆಲೂಗಡ್ಡೆ ಹೊಲಗಳಲ್ಲಿ ನೀರು ನಿಂತಿತ್ತು. ಅರಕಲಗೂಡು ದಾಟಿದ ಮೇಲೆ ಹೊಗೆಸೊಪ್ಪಿನ ಹೊಲಗಳು, ಅದನ್ನು ಬೇಯಿಸುವ ಎತ್ತರದ ಗೂಡುಗಳು. ಹಳ್ಳಿ ತಲುಪಿದಾಗ ಟ್ಯಾಂಕು ಬಿದ್ದ ಜಾಗದಲ್ಲಿ ಸಿಮೆಂಟಿನ ಗುಡ್ಡೆ ಮಳೆಗೆ ನೆನೆದು ಬೂದು ಬಣ್ಣದ ಕೆಸರಾಗಿ ಹರಿಯುತ್ತಿತ್ತು. ಕಟ್ಟಿ ವರ್ಷವೂ ಆಗದ ಕಾಂಕ್ರೀಟು ಕೈಯಲ್ಲಿ ಹಿಡಿದು ಹಿಸುಕಿದರೆ ಪುಡಿಯಾಗುತ್ತಿತ್ತು. ಹಸಿ ಸಿಮೆಂಟಿನ ಆ ವಾಸನೆ ಅಲ್ಲಿ ದಟ್ಟವಾಗಿ ಕೂತಿತ್ತು.

ಎದುರು ಮನೆಯಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಹೆಸರು ಜಯಮ್ಮ. ಸತ್ತ ಗಂಡಸಿನ ಹೆಂಡತಿ. ಹಣೆ ಬರಿದಾಗಿತ್ತು. ನಮ್ಮ ಕಪ್ಪು ಕೋಟು ನೋಡಿ ಹತ್ತಿರ ಬಂದು ಕೇಳಿದಳು:

"ಸರ್ಕಾರದಿಂದ ಬಂದಿದ್ದೀರಾ ಸಾ?"

"ಕಾನೂನಿನ ಕಡೆಯವರಮ್ಮ" ಎಂದರು ಶಿವನಂಜಪ್ಪನವರು.

"ಬನ್ನಿ ಸಾ, ಒಳೀಕ್ ಬನ್ನಿ. ಮಳೇಲಿ ನಿಂತ್ಕಬ್ಯಾಡಿ. ಯಾರೂ ಬರಾಕಿಲ್ಲ ಅಂತಿದ್ದೆ. ನೀವಾರಾ ಬಂದ್ರಲ್ಲ."

ನಾನು ಅವರ ಮುಖ ನೋಡಿದೆ. ಅವರು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಬಾಗಿಲು ದಾಟಿ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಗೋಡೆಯಲ್ಲಿ ಗಂಡನ ಫೋಟೋ ಇತ್ತು, ಹಾರ ಇನ್ನೂ ಬಾಡಿರಲಿಲ್ಲ. ಅವರು ಆ ಫೋಟೋಗೆ ಕೈ ಮುಗಿದರು. ಜಯಮ್ಮ ಬೆಲ್ಲದ ಕಾಫಿ ಕೊಟ್ಟಳು. ಗಂಡ ಹೇಗಿದ್ದ, ಎಷ್ಟು ಹೊತ್ತಿಗೆ ಮನೆ ಬಿಟ್ಟ, ಏನು ಹೇಳಿ ಹೋದ, ಎಲ್ಲ ಹೇಳಿದಳು. ಹೇಳುತ್ತಾ ಅತ್ತಳು. "ಅವ್ರನ್ನ ಜೈಲಿಗ್ ಹಾಕ್ಸಿ ಸಾ, ನಿಮ್ಮ ಕಾಲಿಗ್ ಬೀಳ್ತೀನಿ" ಎಂದಳು. ಶಿವನಂಜಪ್ಪನವರು, "ಎಲ್ಲಾ ಕಾನೂನಿನ ಪ್ರಕಾರ ಆಗುತ್ತಮ್ಮ" ಎಂದರು. ಅವರು ಒಂದು ಸುಳ್ಳೂ ಹೇಳಲಿಲ್ಲ. ನಾನು ಕಾಫಿ ಲೋಟವನ್ನು ಹಾಗೇ ಚಾಪೆಯ ಪಕ್ಕ ಇಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ನಿಂಗರಾಜ ಬಂದ. ಊರಿಗೆ ನೀರು ಬಿಡುವವನು ಅವನೇ, ಪಂಚಾಯ್ತಿಯ ವಾಟರ್‌ಮನ್. ಜಯಮ್ಮನೇ ಕರೆದು, "ಬಾ ನಿಂಗಣ್ಣ, ಸಾಹೇಬ್ರು ಬಂದವ್ರೆ, ನೀನ್ ಕಂಡಿದ್ನೆಲ್ಲ ಏಳು" ಎಂದಳು. ಅವನು ಹೆಗಲ ಟವೆಲ್ ಕೈಗೆ ತೆಗೆದುಕೊಂಡು ನಿಂತೇ ಹೇಳಿದ:

"ಕಂಬದ್ ಬುಡ್ದಲ್ಲೇ ಬಿರುಕು ಬಿಟ್ಟಿತ್ತು ಸಾ. ನೀರು ಒಸರ್ತಿತ್ತು. ಇಂಜಿನಿಯರ್ ಸಾಹೇಬ್ರಿಗೂ ಏಳ್ದೆ, ಕಂಟ್ರಾಕ್ಟರ್‌ಗೂ ಏಳ್ದೆ. 'ಅದು ಬರೀ ಪ್ಲಾಸ್ಟ್ರು ಬಿರುಕು ಕಣ್ಲಾ, ನೀನ್ ತುಂಬ್ಸು, ಉದ್ಘಾಟ್ನೆ ಐತೆ' ಅಂದ್ಬುಟ್ರು."

"ಹಾಗಂತ ಯಾರಾದ್ರೂ ಬರೆದು ಕೊಟ್ಟಿದ್ರಾ ನಿಂಗರಾಜು?"

"ಬರ್ದು ಯಾಕ್ ಕೊಟ್ಟಾರು ಸಾ? ಬಾಯಲ್ಲೇ ಏಳುದ್ರು."

"ಸರಿ. ಆವತ್ತು ಬೆಳಿಗ್ಗೆ ವಾಲ್ವ್ ತಿರುಗಿಸಿದ್ದು ಯಾರಪ್ಪ?" ಅದೇ ಸೂಜಿಗೆ ದಾರ ಪೋಣಿಸುವ ದನಿ.

"ನಾನೇಯ ಸಾ. ಇನ್ಯಾರು? ನನ್ ಕೆಲ್ಸ ಅದೇ ಅಲ್ವರಾ?"

"ಬಿರುಕು ಇದೆ ಅಂತ ಗೊತ್ತಿದ್ದೂ ತುಂಬ್ಸಿದೆ."

"ಊ ಸಾ. ತುಂಬ್ಸು ಅಂದ್ರಲ್ಲ."

ಶಿವನಂಜಪ್ಪನವರು ಎದ್ದು ಅವನ ಬೆನ್ನು ತಟ್ಟಿದರು. "ಒಳ್ಳೆಯವನಪ್ಪ ನೀನು. ಇದ್ದದ್ದು ಇದ್ದ ಹಾಗೆ ಹೇಳ್ತೀಯ. ಪೊಲೀಸ್ನೋರು ಕೇಳಿದ್ರೂ ಹೀಗೇ ಹೇಳು."

ಕಾರು ಹತ್ತಿದ ಮೇಲೆ ಕರ್ಚೀಫು ತೆಗೆದು ಕೈ ಒರೆಸಿಕೊಂಡರು. ಸೀಟಿಗೆ ಒರಗಿ, "ಮಧು, ಕೇಸು ಮುಗೀತು" ಎಂದರು. ಮಧುಸೂದನ ನಕ್ಕ. ನಾನು ಹಿಂದಿನ ಸೀಟಿನಲ್ಲಿ ಕೂತು ಆ ಕರ್ಚೀಫನ್ನೇ ನೋಡುತ್ತಿದ್ದೆ. ಅಲ್ಲಿಯವರೆಗೆ ನಾನು ಪೂಜಿಸಿದ್ದ ಮನುಷ್ಯನ ಬಗ್ಗೆ ಮೊದಲ ಸಲ ಹೇಸಿಗೆ ಅನ್ನಿಸಿತು.

ಮುಂದಿನ ಕೆಲವು ವಾರಗಳಲ್ಲಿ ನಡೆದದ್ದನ್ನು ನಾನು ಹತ್ತಿರದಿಂದ ಕಂಡೆ. ಲಂಚ ಕೊಟ್ಟಿರುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ಇಲ್ಲ. ಲಂಚ ಕೊಡುವುದು ಕಡಿಮೆ ದರ್ಜೆಯವರ ಕೆಲಸ ಎನ್ನುವುದು ಶಿವನಂಜಪ್ಪನವರ ಅಭಿಪ್ರಾಯ. ತನಿಖಾ ತಂಡದ ಮುಖ್ಯಸ್ಥ ಒಬ್ಬ ಡಿವೈಎಸ್ಪಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿ ಶಾಲೆಯಲ್ಲಿ ಇವರ ಪಾಠ ಕೇಳಿದವನಂತೆ. ಒಂದು ಮಧ್ಯಾಹ್ನ ಯೂನಿಫಾರ್ಮಿಲ್ಲದೆ ಆಫೀಸಿಗೆ ಬಂದ. ಬಂದವನೇ ಕಾಲಿಗೆ ನಮಸ್ಕಾರ ಮಾಡಿದ.

"ಎಲ್ಲಿಗೆ ಬಂತಪ್ಪ ನಿನ್ನ ತನಿಖೆ?"

"ಮೇಲಿಂದ ಒತ್ತಡ ಇದೆ ಗುರುಗಳೇ. ಬೇಗ ಚಾರ್ಜ್‌ಶೀಟ್ ಹಾಕಿ ಅಂತಾರೆ. ಯಾರ ಮೇಲೆ ಹಾಕಿದ್ರೂ ತಲೆನೋವೇ."

"ತಲೆನೋವು ಯಾಕೆ? ನೋಡು, ಗುತ್ತಿಗೆದಾರ, ಇಂಜಿನಿಯರ್ ಅಂತ ಹೋದ್ರೆ ಮಣ್ಣು ಪರೀಕ್ಷೆ, ಸಿಮೆಂಟ್ ಪರೀಕ್ಷೆ, ಬಿಲ್ಲು ಪಾಸು ಮಾಡಿದವರು, ಅವರ ಮೇಲಿನವರು, ಹೀಗೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೋ ನಿನಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ಆಮೇಲೆ ಕಟಕಟೆಯಲ್ಲಿ ನೀನು ನಿಂತಾಗ ಎದುರಿಗೆ ಪ್ರಶ್ನೆ ಕೇಳೋನು ನಾನು." ಅವರು ನಕ್ಕರು. ಅವನೂ ನಕ್ಕ, ಆದರೆ ಹೆದರಿಕೊಂಡು ನಕ್ಕ. "ಬಿರುಕು ಇದೆ ಅಂತ ಗೊತ್ತಿದ್ದೂ ನೀರು ತುಂಬ್ಸಿದೀನಿ ಅಂತ ಒಬ್ಬ ತಾನಾಗೇ ಹೇಳ್ತಿದಾನೆ. ಇಡೀ ಊರಿನ ಮುಂದೆ ಹೇಳ್ತಾನೆ. ನಿನಗೆ ಇನ್ನೇನು ಬೇಕು?"

ಚಾರ್ಜ್‌ಶೀಟ್ ಬಂದಾಗ ಅದರಲ್ಲಿ ಆರೋಪಿ ಒಬ್ಬನೇ. ನಿಂಗರಾಜ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನು. ಗುತ್ತಿಗೆದಾರ ಉಮೇಶನೂ ಆ ಇಂಜಿನಿಯರೂ ಸರ್ಕಾರದ ಕಡೆಯ ಸಾಕ್ಷಿಗಳು. ಉಮೇಶ ಒಂದು ದೊಡ್ಡ ಡಬ್ಬ ಮೈಸೂರು ಪಾಕು ತಂದ. ಮಧುಸೂದನ ಎಲ್ಲರಿಗೂ ಹಂಚಿದ. ನನ್ನ ಮೇಜಿನ ಮೇಲೆ ಇಟ್ಟ ತುಂಡನ್ನು ನಾನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಅದರ ತುಪ್ಪ ಕಾಗದಕ್ಕೆ ಅಂಟಿ ಬೆರಳಿಗೂ ಅಂಟಿತು. ಎಷ್ಟು ತೊಳೆದರೂ ಹೋಗಲಿಲ್ಲ ಅನ್ನಿಸಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ, ಗೊತ್ತಿಲ್ಲ. ಒಂದು ಸಂಜೆ ಮಧುಸೂದನ ಅರಕಲಗೂಡಿಗೆ ಹೊರಡುವ ತಯಾರಿಯಲ್ಲಿದ್ದ. ಮಾರನೆಯ ದಿನ ಅಲ್ಲಿ ಕೇಸು ಇದೆ ಎಂದ. ಯಾವುದು ಎಂದು ಕೇಳಿದೆ.

"ಅದೇ, ನೀರು ಬಿಟ್ಟವನ ಕೇಸು. ಅವನ ಪರ ನಾನೇ ವಕಾಲತ್ತು ಹಾಕ್ತಿದೀನಿ. ಪಾಪ, ಫೀಸಿಲ್ಲದೆ. ಸರ್ ಹೇಳಿದಾರೆ."

"ಏನು ಮಾಡಿಸ್ತೀಯಾ?"

"ತಪ್ಪಾಯ್ತು ಅಂತ ಒಪ್ಕೊಂಡ್ಬಿಡ್ತಾನೆ. ಜಡ್ಜು ಕನಿಕರ ತೋರಿಸಿ ದಂಡ ಹಾಕಿ ಬಿಟ್ರೆ ಆಯ್ತು. ಅದನ್ನೂ ಯಾರೋ ಕಟ್ತಾರೆ. ಅಲ್ಲಿಗೆ ಫೈಲು ಕ್ಲೋಸು."

ನಾನು ನೇರವಾಗಿ ಶಿವನಂಜಪ್ಪನವರ ಕೋಣೆಗೆ ಹೋದೆ. ಅವರು ಕನ್ನಡಕ ಒರೆಸುತ್ತಿದ್ದರು.

"ಸರ್, ನಿಂಗರಾಜನ ಪರ ನಮ್ಮ ಮಧು ಹೇಗೆ ನಿಲ್ಲೋಕಾಗುತ್ತೆ? ಉಮೇಶ ನಮ್ಮ ಕಕ್ಷಿದಾರ ಅಲ್ವಾ?"

"ಉಮೇಶ ಈಗ ಸಾಕ್ಷಿ ಕಣಮ್ಮ. ಸಾಕ್ಷಿಗೆ ವಕೀಲ ಯಾಕೆ?"

"ಅವನು ತಪ್ಪು ಒಪ್ಕೊಂಡ್ರೆ ಜೈಲಿಗೂ ಹಾಕಬಹುದು ಸರ್. ದಂಡ ಮಾತ್ರ ಅಂತ ಯಾರು ಹೇಳಿದ್ದು? ಕೆಲಸ ಅಂತೂ ಹೋಗುತ್ತೆ. ಇಬ್ಬರನ್ನ ಕೊಂದವನು ಅಂತ ಹೆಸರು ಉಳಿಯುತ್ತೆ. ಆ ಹೆಂಗಸು ಪಕ್ಕದ ಮನೆಯವಳು."

"ಒಂದು ಸಾವು ಆದ್ಮೇಲೆ ಊರಿಗೆ ಒಂದು ಹೆಸರು ಬೇಕಾಗುತ್ತೆ ಸುಪ್ರಭಾ. ಯಾವುದೋ ಒಂದು. ಅದು ಸಿಕ್ಕಿದ್ರೆ ಎಲ್ಲರೂ ಮನೆಗೆ ಹೋಗ್ತಾರೆ. ನಾನು ಮೂವತ್ತು ವರ್ಷದಿಂದ ನೋಡ್ತಿದೀನಿ." ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ನೋಡಿದರು. ಆಮೇಲೆ ತುಂಬ ಮೃದುವಾಗಿ, "ಹೋಗಮ್ಮ, ಕತ್ತಲಾಗ್ತಿದೆ. ಊಟ ಮಾಡು" ಎಂದರು.

ಆ ಮಾತಿನಲ್ಲಿ ಕಪಟ ಇರಲಿಲ್ಲ. ನನ್ನ ಹಸಿವಿನ ಬಗ್ಗೆ ಅವರಿಗೆ ನಿಜವಾಗಿಯೂ ಕಾಳಜಿ ಇತ್ತು. ಅದೇ ನನಗೆ ತಡೆಯಲಾಗದೆ ಹೋದದ್ದು. ಬೈದಿದ್ದರೆ, ಗದರಿದ್ದರೆ, ಕೈಗೆ ಒಂದು ಕವರು ತುರುಕಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಮನುಷ್ಯನೊಬ್ಬನನ್ನು ಹಾಳು ಮಾಡುವುದನ್ನೂ ನನಗೆ ಊಟ ಮಾಡು ಎನ್ನುವುದನ್ನೂ ಅವರು ಒಂದೇ ದನಿಯಲ್ಲಿ ಹೇಳಬಲ್ಲವರಾಗಿದ್ದರು.

"ನಾಳೆಯಿಂದ ನಾನು ಬರೋದಿಲ್ಲ ಸರ್" ಎಂದೆ.

ಅವರು ಆಶ್ಚರ್ಯಪಡಲಿಲ್ಲ. "ಯೋಚನೆ ಮಾಡು. ಬಾಗಿಲು ತೆಗೆದಿರುತ್ತೆ" ಎಂದರು. ನಾನು ನನ್ನ ಕೋಟು, ಛತ್ರಿ ತೆಗೆದುಕೊಂಡು ಹಾಸ್ಟೆಲಿಗೆ ಬಂದೆ. ಆವತ್ತು ಡಬ್ಬಿ ಬಿಚ್ಚಲಿಲ್ಲ.

ಬೆಳಗಿನವರೆಗೆ ಒಂದೇ ಲೆಕ್ಕಾಚಾರ. ಉಮೇಶ ನಾನಿದ್ದ ಆಫೀಸಿನ ಕಕ್ಷಿದಾರ. ಅವನ ಗುಟ್ಟು ನಾನು ಬಯಲು ಮಾಡುವಂತಿಲ್ಲ. ನಿಂಗರಾಜನ ವಕೀಲೆಯಾಗಿ ನಿಲ್ಲುವಂತೆಯೂ ಇಲ್ಲ. ಆದರೆ ತಪ್ಪು ಒಪ್ಪಿಕೊಳ್ಳಲೇಬೇಕೆಂಬ ಕಾನೂನಿಲ್ಲ, ಕೋರ್ಟೇ ವಕೀಲರನ್ನು ಕೊಡುತ್ತದೆ ಎನ್ನುವುದು ಯಾರ ಗುಟ್ಟೂ ಅಲ್ಲ. ಅದನ್ನು ದಾರಿಯಲ್ಲಿ ಹೋಗುವವರೂ ಹೇಳಬಹುದು. ಅಷ್ಟನ್ನು ಹೇಳುವುದು ಎಂದು ನಿರ್ಧರಿಸಿ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಿದೆ.

ಕೋರ್ಟಿನ ಜಗುಲಿಯಲ್ಲಿ ಜನ ಒತ್ತಿಕೊಂಡು ನಿಂತಿದ್ದರು. ನಿಂಗರಾಜ ಒಂದು ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಇನ್ನೊಂದು ತುದಿಯಲ್ಲಿ, ಅವನಿಗೆ ಬೆನ್ನು ಹಾಕಿ, ಜಯಮ್ಮ. ಚಾರ್ಜ್‌ಶೀಟು ಬಂದ ಮೇಲೆ ಅವನೇ ಟ್ಯಾಂಕು ಬೀಳಿಸಿದ್ದು ಎಂದು ಊರಿನಲ್ಲಿ ಮಾತಾಗಿ, ಎರಡು ಮನೆಯ ನಡುವೆ ಮಾತು ನಿಂತುಹೋಗಿತ್ತು. ಅದು ನಿಂಗರಾಜ ಹೇಳಿದ ಮೇಲೆ ನನಗೆ ತಿಳಿಯಿತು.

"ಲಾಯರ್ ಸಾಹೇಬ್ರು ಒಪ್ಕೋ ಅಂದವ್ರೆ ಮೇಡಂ. ಒಪ್ಕಂಡ್ರೆ ಇವತ್ತೇ ಬುಟ್ಬುಡ್ತಾರಂತೆ" ಎಂದ.

"ಒಪ್ಕೊಳ್ಳಲೇಬೇಕು ಅಂತ ಏನೂ ಇಲ್ಲ ನಿಂಗರಾಜು. ಜಡ್ಜು ನಿನ್ನನ್ನೇ ಕೇಳ್ತಾರೆ. ನಿನಗೆ ಏನು ನಿಜ ಅನ್ಸುತ್ತೋ ಅದನ್ನ ಹೇಳು. ಈ ವಕೀಲರು ಬೇಡ ಅಂದ್ರೆ ಕೋರ್ಟಿಂದಲೇ ಬೇರೆಯವರನ್ನ ಕೊಡ್ತಾರೆ, ಖರ್ಚಿಲ್ಲ. ಇನ್ನೂ ಒಂದು. ಒಪ್ಕೊಂಡ್ರೆ ಜೈಲೂ ಆಗಬಹುದು."

ಅವನು ಬಹಳ ಹೊತ್ತು ನನ್ನನ್ನೇ ನೋಡಿದ.

ಜಯಮ್ಮ ನನ್ನ ಗುರುತು ಹಿಡಿದು ಹತ್ತಿರ ಬಂದಳು. "ಅವತ್ತು ಬಂದಿದ್ದೋಳಲ್ವಾ ನೀನು? ಸರ್ಕಾರದೋಳು."

"ಸರ್ಕಾರದವಳಲ್ಲವ್ವ. ಅವತ್ತು ಬಂದದ್ದು ಕಂಟ್ರಾಕ್ಟರ್ ಕಡೆ ವಕೀಲರು. ನಾನು ಅವರ ಜೊತೆ ಇದ್ದೆ. ಈಗ ಇಲ್ಲ."

ಅವಳ ಮುಖ ನಿಧಾನಕ್ಕೆ ಬದಲಾಯಿತು. ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಕೂಗಲಿಲ್ಲ. "ನಮ್ಮನೇಲಿ ಕೂತ್ಕಂಡು ಕಾಪಿ ಕುಡುದ್ರಲ್ಲವ್ವ" ಎಂದಳು. "ನಮ್ಮೆಜಮಾನ್ರ ಪೋಟಕ್ಕೆ ಕೈ ಮುಗುದ್ರಲ್ಲ ಆ ಮನ್ಸ." ಆಮೇಲೆ ಜಗುಲಿಯ ಅಂಚಿಗೆ ಹೋಗಿ ಮಳೆಯೊಳಗೆ ಉಗಿದಳು.

ಕೇಸು ಕೂಗಿದರು. ಮಧುಸೂದನ ನನ್ನನ್ನು ನೋಡಿ ಬಿಳಿಚಿಕೊಂಡ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಂಗಸು. ಆರೋಪವನ್ನು ಕನ್ನಡದಲ್ಲಿ ಓದಿ ಹೇಳಿ ಕೇಳಿದರು:

"ತಪ್ಪು ಒಪ್ಕೋತೀಯೇನಪ್ಪ?"

ಮಧುಸೂದನ ಎದ್ದ. "ಒಪ್ಕೋತಾನೆ ಮೇಡಂ."

"ಅವನನ್ನ ಕೇಳಿದ್ದು."

ನಿಂಗರಾಜ ಕಟಕಟೆಯ ಮರವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. "ನೀರ್ ಬುಟ್ಟಿದ್ದು ನಾನೇ ಸ್ವಾಮಿ. ಅದ್ನ ಇಲ್ಲ ಅನ್ನಾಕಿಲ್ಲ. ಆದ್ರೆ ಟ್ಯಾಂಕು ಕಟ್ಟಿದ್ದು ನಾನಲ್ಲ. ಬಿರುಕು ಬುಟ್ಟದೆ ಅಂತ ಏಳಿದ್ದು ನಾನು. ತುಂಬ್ಸು ಅಂದೋರು ಅವ್ರು."

"ಈ ಲಾಯರ್ರು ನಂಗೆ ಬ್ಯಾಡ ಸ್ವಾಮಿ" ಎಂದೂ ಸೇರಿಸಿದ. ನ್ಯಾಯಾಧೀಶರು ಮಧುಸೂದನನನ್ನು ಒಂದು ಸಲ ನೋಡಿ, ತಪ್ಪು ಒಪ್ಪಿಲ್ಲ ಎಂದು ಬರೆಸಿದರು. ಉಚಿತ ಕಾನೂನು ಸೇವೆಯಿಂದ ಒಬ್ಬರನ್ನು ಕೊಡಿ ಎಂದು ಆದೇಶ ಮಾಡಿದರು. ಹೊರಗೆ ಬಂದಾಗ ಜಯಮ್ಮ ನಿಂಗರಾಜನ ಹತ್ತಿರ ಹೋಗಿ ನಿಂತಳು. ಅವಳು ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು ಅವನಿಗೆ ಅರ್ಧ ಕೊಟ್ಟಳು.

ನನ್ನ ಹಾಸನದ ವಕೀಲಿಕೆ ಅಲ್ಲಿಗೆ ಮುಗಿಯಿತು. ಯಾರೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಬೇರೆ ಸೀನಿಯರ್‌ಗಳ ಹತ್ತಿರ ಹೋದರೆ, "ನಮ್ಮಲ್ಲಿ ಜಾಗ ಇಲ್ಲಮ್ಮ" ಎನ್ನುತ್ತಿದ್ದರು. ಹೊಳೆನರಸೀಪುರಕ್ಕೆ ಹೋಗಿ ಕೇಳಿದೆ. ಅಲ್ಲಿ ಒಬ್ಬರು ಕಾಫಿ ತರಿಸಿ ಕೊಟ್ಟು, "ಶಿವನಂಜಪ್ಪನವರ ಹತ್ರ ಯಾಕೆ ಬಿಟ್ರಿ? ಕ್ಷಮೆ ಕೇಳ್ಕೊಂಡು ವಾಪಸ್ ಹೋಗಿ, ದೊಡ್ಡ ಮನಸ್ಸಿನವರು" ಎಂದು ಬುದ್ಧಿ ಹೇಳಿದರು. ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಪಾತ್ರೆ ಒರೆಸುತ್ತಾ ಕೇಳಿದರು. ಕೊನೆಗೆ, "ಅಲ್ಲ, ಆ ಹೆಂಗಸಿನ ಮನೆಯಲ್ಲಿ ಕಾಫಿ ಬೇರೆ ಕುಡಿದರಾ?" ಎಂದರು. ಅವರಿಗೂ ಅದೇ ತಟ್ಟಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿಯ ಹಿಂದೆ ಒಂದು ರೂಮು ಹಿಡಿದು ಬೋರ್ಡು ಹಾಕಿದೆ.

ಕೇಸು ಮಾತ್ರ ವರ್ಷಗಟ್ಟಲೆ ಎಳೆದುಕೊಂಡೇ ಹೋಯಿತು. ನಿಂಗರಾಜನ ಕೆಲಸ ಹೋಯಿತು. ಶುಂಠಿ ಹೊಲದಲ್ಲಿ, ಹೊಗೆಸೊಪ್ಪಿನ ಗೂಡಿನಲ್ಲಿ ಕೂಲಿ ಮಾಡಿದ. ಅವನಿಗೆ ಸಿಕ್ಕ ವಕೀಲರು ಬುದ್ಧಿವಂತರು. ಉಮೇಶನನ್ನೂ ಇಂಜಿನಿಯರನ್ನೂ ಆರೋಪಿಗಳನ್ನಾಗಿ ಸೇರಿಸಬೇಕೆಂದು ಅರ್ಜಿ ಹಾಕಿದರು. ಕೆಳಗಿನ ಕೋರ್ಟು ಒಪ್ಪಿತು. ಶಿವನಂಜಪ್ಪನವರು ಖುದ್ದಾಗಿ ಬೆಂಗಳೂರಿನ ಹೈಕೋರ್ಟಿಗೆ ಹೋಗಿ ವಾದ ಮಾಡಿ ಅದನ್ನು ರದ್ದು ಮಾಡಿಸಿಕೊಂಡು ಬಂದರು. ಆ ಊರಿನಲ್ಲಿ ಹೊಸ ಟ್ಯಾಂಕು ಎದ್ದಿತು, ಗುತ್ತಿಗೆ ಉಮೇಶನ ಬಾಮೈದನ ಹೆಸರಿಗೆ. ಶಿವನಂಜಪ್ಪನವರ ಕೀರ್ತಿ ಇನ್ನೂ ಹಬ್ಬಿತು. ಟಿವಿಯಲ್ಲಿ ಕೂತು ಯಾವ ಹಗರಣದ ತನಿಖೆ ಎಲ್ಲಿ ದಾರಿ ತಪ್ಪಿತು ಎಂದು ವಿವರಿಸುತ್ತಾರೆ. ಹುಡುಗ ಹುಡುಗಿಯರು ಅವರ ವಾದ ಕೇಳಲು ಈಗಲೂ ಕ್ಲಾಸು ತಪ್ಪಿಸಿಕೊಂಡು ಹೋಗುತ್ತಾರಂತೆ.

ಹೋದ ವರ್ಷ ತೀರ್ಪು ಬಂತು. ನಾನು ಹೋಗಿದ್ದೆ. ನಿಂಗರಾಜ ತನ್ನ ಕರ್ತವ್ಯ ಮಾಡಿದ್ದಾನೆ, ಅವನ ನಿರ್ಲಕ್ಷ್ಯ ಸಾಬೀತಾಗಿಲ್ಲ, ಬಿಡುಗಡೆ. ಅವನು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನನ್ನ ಫೋನು ಹೊಡೆದುಕೊಂಡಿತು. ಶಿವನಂಜಪ್ಪನವರು.

"ಸುಪ್ರಭಾ, ಅಭಿನಂದನೆ ಕಣಮ್ಮ. ನಿಂಗರಾಜನ ಬಿಡುಗಡೆ ಆಯ್ತಂತೆ. ಒಳ್ಳೇದಾಯ್ತು. ತನಿಖೆ ಅಷ್ಟು ಕೆಟ್ಟದಾಗಿ ಮಾಡಿದ್ರೆ ಇನ್ನೇನಾಗುತ್ತೆ ಹೇಳು? ಒಬ್ಬ ಅಮಾಯಕನನ್ನ ಹಿಡಿದು ಹಾಕಿದ್ರು."

ಅದೇ ಮೃದು ದನಿ. ಅದರಲ್ಲಿ ಅವರಿಗೆ ಯಾವ ಮುಜುಗರವೂ ಇರಲಿಲ್ಲ. ಆಡಿದ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು ಎನ್ನುವುದು ಫೋನಿನಲ್ಲೇ ಗೊತ್ತಾಗುತ್ತಿತ್ತು. ನಾನು ಫೋನು ಇಟ್ಟೆ.

ಜಯಮ್ಮ ಪಕ್ಕಕ್ಕೆ ಬಂದಳು. ತೀರ್ಪಿನ ಪ್ರತಿ ನಿಂಗರಾಜನ ವಕೀಲರ ಕೈಯಿಂದ ನನ್ನ ಕೈಗೆ ಬಂದಿತ್ತು.

"ನಿಂಗಣ್ಣ ಅಲ್ಲ ಅಂತ ಬರ್ದವ್ರಾ?"

"ಹೂಂ ಅವ್ವ. ಅವನಲ್ಲ ಅಂತ ಬರೆದಿದಾರೆ."

"ಮತ್ತೆ ಯಾರು ಅಂತ ಬರ್ದವ್ರೆ?"

ನನಗೆ ಗೊತ್ತಿತ್ತು. ಆದರೂ ಕೊನೆಯ ಪುಟವನ್ನು ಇನ್ನೊಂದು ಸಲ ತಿರುಗಿಸಿ ನೋಡಿದೆ. "ಯಾರು ಅಂತ ಬರೆದಿಲ್ಲವ್ವ."

ಅವಳು ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಅಂಗಾರೆ ಅದು ತಾನಾಗೇ ಬಿದ್ಬುಡ್ತಾ?"

ಅವಳು ಸೆರಗನ್ನು ತಲೆಗೆ ಎಳೆದುಕೊಂಡು, ನಿಂಗರಾಜನನ್ನು ಎಬ್ಬಿಸಿಕೊಂಡು, ತುಂತುರು ಮಳೆಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.